ಅಂಕಲ್ ಕಾಯಿಲೆ

ನನ್ನ ಕಾಯಿಲೆಯನ್ನು ಮೊಟ್ಟಮೊದಲು ನೋಡಿದವರು ಚಪ್ಪಾಳೆ ತಟ್ಟಿದರು.

ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಗಣೇಶನ ಪೆಂಡಾಲು. ಆರ್ಕೆಸ್ಟ್ರಾದವರು ಎರಡು ಹಾಡಿನ ನಡುವೆ ನೀರು ಕುಡಿಯುವಷ್ಟು ಹೊತ್ತು ಜನ ಎದ್ದು ಮನೆಗೆ ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಿಮಿಕ್ರಿ. ಅವತ್ತು ನಾನು ಮಾಡಬೇಕಾಗಿದ್ದದ್ದು ಮೈಕಿನ ತನಕ ನಡೆದುಕೊಂಡು ಹೋಗುವುದು ಮಾತ್ರ. ಆದರೆ ಸ್ಟೇಜಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದೆನಲ್ಲ, ನಾನು ಎದ್ದೆ, ನನ್ನ ಸೊಂಟ ಏಳಲಿಲ್ಲ. ಎರಡೂ ಕೈಯಿಂದ ತೊಡೆ ಹಿಡಿದುಕೊಂಡು, ಕತ್ತನ್ನು ತುಂಬಿದ ತಂಬಿಗೆಯ ಹಾಗೆ ಅಲುಗಾಡದಂತೆ ಹೊತ್ತುಕೊಂಡು, ಇಂಚಿಂಚಾಗಿ ಮುಂದೆ ಬಂದೆ. ಜನ ಶಿಳ್ಳೆ ಹೊಡೆದರು. "ಸೂಪರ್ ತಾತಾ!" ಎಂದು ಯಾರೋ ಕೂಗಿದ. ನಾನಿನ್ನೂ ಏನೂ ಶುರು ಮಾಡಿರಲಿಲ್ಲ.

ಆಗ ನನಗೆ ಇಪ್ಪತ್ಮೂರು ವರ್ಷ. ಹಗಲು ಅತ್ತಿಗುಪ್ಪೆಯ ಅಂಗಡಿಯೊಂದರಲ್ಲಿ ಕಾಗದದ ಜೆರಾಕ್ಸ್ ತೆಗೆಯುತ್ತಿದ್ದೆ, ಸಂಜೆ ಮನುಷ್ಯರ ಜೆರಾಕ್ಸ್. ಕುಕ್ಕರ್ ಕೂಗು, ಆಟೋ ಸ್ಟಾರ್ಟ್ ಆಗದ ಸದ್ದು ಎಲ್ಲರೂ ಮಾಡುತ್ತಾರೆ. ನನ್ನ ಸ್ಪೆಶಲ್ ನಡಿಗೆ. ಒಬ್ಬ ಮನುಷ್ಯ ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಗೆ ಬರುವಷ್ಟರಲ್ಲಿ ಅವನನ್ನು ನನ್ನ ಮೈಗೆ ಇಳಿಸಿಕೊಂಡುಬಿಡುತ್ತಿದ್ದೆ. ಹಾಲಿನವನು, ಕೇಬಲ್‌ನವನು, ಕಾರ್ಪೊರೇಟರ್ ಆಗುವ ಆಸೆಯಲ್ಲಿ ಈಗಲೇ ಕೈಮುಗಿಯುತ್ತಾ ನಡೆಯುವ ಮನೆ ಓನರ್, ಯಾರೂ ತಪ್ಪಿಸಿಕೊಂಡಿಲ್ಲ. ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದದ್ದು ಅಪ್ಪನನ್ನು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಕಬ್ಬಿಣ ಕಡೆಯುವ ಲೇತ್ ಮೆಷೀನಿನ ಮೇಲೆ ಬಗ್ಗಿ ನಿಂತ ಅಪ್ಪ ಮನೆಯಲ್ಲೂ ಹಾಗೇ ನಿಲ್ಲುತ್ತಾರೆ. ಬಲಭುಜ ಕೆಳಗೆ, ಕತ್ತು ಬಲಕ್ಕೆ ವಾಲಿ, ಒಂದು ಕಣ್ಣು ಸಣ್ಣ. ಸಾರಿನಲ್ಲಿ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ನೋಡುವಾಗಲೂ ತಟ್ಟೆಯ ಮೇಲೆ ಹಾಗೇ ಬಗ್ಗುತ್ತಾರೆ, ಲೇತಿನ ಮೇಲೆ ಸಾರು ಎಷ್ಟು ನೆಟ್ಟಗೆ ತಿರುಗುತ್ತಿದೆ ಎಂದು ಅಳೆಯುವವರಂತೆ. ನಾನು ಅವರ ಹಿಂದೆಯೇ ಹಾಗೆ ಬಗ್ಗುತ್ತಿದ್ದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುವುದನ್ನು ಕಂಡು ಅವರಿಗೆ ಗೊತ್ತಾಗುತ್ತಿತ್ತು.

"ಬೆಂಡೆತ್ತಿಬಿಡ್ತೀನಿ ನೋಡು!" ಎನ್ನುತ್ತಿದ್ದರು ತಿರುಗದೆ.

ಇದು ನಮ್ಮ ಮನೆಯ ಸುಪ್ರಭಾತ. ಬೆಂಡೆತ್ತುವುದು ಎಂದರೆ ನಾಲ್ಕು ಬಾರಿಸುವುದು ಎಂದು ಎಲ್ಲರಿಗೂ ಗೊತ್ತು. ಬಗ್ಗಿದ ಕಂಬಿಯನ್ನು ದಿನವೂ ನೆಟ್ಟಗೆ ಮಾಡುವ ಅಪ್ಪನ ಬಾಯಲ್ಲಿ ಮಾತ್ರ ಅದಕ್ಕೆ ಎರಡು ಅರ್ಥ. ಪಾಪ, ಅವರು ಒಂದು ದಿನವೂ ನನಗೆ ಹೊಡೆದವರಲ್ಲ. ಆ ಕೆಲಸವನ್ನು ನನ್ನ ಬೆನ್ನೇ ವಹಿಸಿಕೊಂಡಿತು.

ಮೊದಲು ಬೆಳಗ್ಗೆ ಏಳುವುದು ಕಷ್ಟವಾಯಿತು. ಏಳುವ ಮನಸ್ಸಿಲ್ಲದೆ ಕಷ್ಟವಾಗುವುದು ಬೇರೆ, ಅದರಲ್ಲಿ ನಾನು ಪಳಗಿದವನು. ಇದು ಹಾಗಲ್ಲ. ಮೈಗೆ ಯಾರೋ ಸಿಮೆಂಟು ಸುರಿದು ನೀರು ಹಾಕಿ ಹೋದ ಹಾಗೆ. ಪಕ್ಕಕ್ಕೆ ಹೊರಳಿ, ಚಾಪೆಯಿಂದ ಸರಿದು, ಗೋಡೆ ಹಿಡಿದು, ಮನುಷ್ಯನ ವಿಕಾಸವನ್ನು ಒಂದೊಂದೇ ಹಂತವಾಗಿ ದಿನಾ ಬೆಳಗ್ಗೆ ಮಾಡಿ ತೋರಿಸುತ್ತಿದ್ದೆ. ವಿಚಿತ್ರವೆಂದರೆ ಓಡಾಡಿದರೆ ಮೈ ಬಿಡುತ್ತಿತ್ತು, ಮಲಗಿದರೆ ಹಿಡಿಯುತ್ತಿತ್ತು. ಅಮ್ಮನ ವೈದ್ಯಶಾಸ್ತ್ರದಲ್ಲಿ ಇಂಥ ಕಾಯಿಲೆಗೆ ಜಾಗವೇ ಇಲ್ಲ.

"ನೋವಿದ್ರೆ ಮಲ್ಕೊಳೋ. ಮಲ್ಕೊಂಡ್ರೆ ನೋವಂತೆ! ಎಲ್ಲಾದ್ರೂ ಕೇಳಿದೀಯಾ?"

"ಅಮ್ಮಾ, ನಿಜವಾಗ್ಲೂ ಕಣಮ್ಮ."

"ಹಂಗ್ ನಡೀಬೇಡ್ವೋ. ಮೇಲಿನ ಮನೆ ತಾತ ನೋಡಿದ್ರೆ ತಮ್ಮನ್ನೇ ಅಣಕಿಸ್ತಿದಾನೆ ಅನ್ಕೋತಾರೆ."

ಇದೇ ನನ್ನ ಗ್ರಹಚಾರ. ಬೇರೆಯವರಿಗೆ ಕಾಯಿಲೆ ಬಂದರೆ ಜನ ಅಯ್ಯೋ ಎನ್ನುತ್ತಾರೆ, ನನಗೆ ಬಂದರೆ ಒನ್ಸ್ ಮೋರ್ ಎನ್ನುತ್ತಾರೆ. ಅಂಗಡಿಯಲ್ಲಿ ಮೆಷೀನಿನಿಂದ ಕಾಗದ ತೆಗೆಯಲು ಬಗ್ಗಲಾಗದೆ ನಿಂತರೆ, ಹಾಲ್ ಟಿಕೆಟ್ ಜೆರಾಕ್ಸ್ ಮಾಡಿಸಲು ಬಂದ ಹುಡುಗಿಯರು ಕಿಸಕ್ಕೆಂದರು. ನನ್ನ ಜೊತೆ ಪ್ರೋಗ್ರಾಮ್ ಕೊಡುತ್ತಿದ್ದ ಮಲ್ಲತ್ತಹಳ್ಳಿಯ ರವಿಗೆ ಹೇಳಿದೆ, ಸೀನಿದರೆ ಪಕ್ಕೆಲುಬಿಗೆ ಚುಚ್ಚಿದಂತಾಗುತ್ತದೆ, ಜೋರಾಗಿ ನಗಲೂ ಆಗುತ್ತಿಲ್ಲ ಎಂದು. ಅವನು ಗಂಭೀರವಾಗಿ ಯೋಚಿಸಿ, "ಗುರು, ನೀನ್ ನಗೋದ್ ಬೇಡ, ಜನ ನಕ್ರೆ ಸಾಕು. ಆ ತಾತನ ಐಟಂ ಮಾತ್ರ ಬಿಡ್ಬೇಡ," ಎಂದ.

ಮನೆಯವರು ನಂಬಿದ್ದು ಒಂದು ಭಾನುವಾರ ಬೆಳಗ್ಗೆ. ಅಮ್ಮ ಅಡುಗೆಮನೆಯಿಂದ "ಮಂಜಾ" ಎಂದು ಕೂಗಿದರು. ಕತ್ತು ತಿರುಗುವ ಕಾಲ ಆಗಲೇ ಮುಗಿದಿತ್ತು. ಹೆಗಲು, ಎದೆ, ಸೊಂಟ, ಕಾಲು ಎಲ್ಲವನ್ನೂ ಸೇರಿಸಿ ಲಾರಿ ರಿವರ್ಸ್ ತೆಗೆಯುವ ಹಾಗೆ ತಿರುಗಿದೆ. ತಿರುಗುವಾಗ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಬೇಕು. ಬಗ್ಗಿದೆ ಎಂದುಕೊಂಡೆ, ಬಗ್ಗಿರಲಿಲ್ಲ. ಮಂಡಿ ಮಡಿಸಿದೆ, ಗೋಡೆ ಹಿಡಿದೆ, ಕೊನೆಗೆ ಕಾಲ್ಬೆರಳಿನಿಂದ ಲೋಟದ ಅಂಚು ಹಿಡಿಯಲು ನೋಡಿದೆ. ಅಮ್ಮ ನಗಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಅಪ್ಪ ಪೇಪರ್ ಓದುತ್ತಿದ್ದವರು ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು, ಕತ್ತು ವಾಲಿಸಿ, ಒಂದು ಕಣ್ಣು ಸಣ್ಣ ಮಾಡಿ, ನನ್ನ ಬೆನ್ನನ್ನು ಮೇಲಿಂದ ಕೆಳಗೆ ನೋಡಿದರು. ಲೇತಿಗೆ ಕೊಟ್ಟ ಕಬ್ಬಿಣದ ಶಾಫ್ಟು ನೆಟ್ಟಗಿದೆಯೇ ಎಂದು ನೋಡುವ ನೋಟ ಅದು.

"ಅಣಕಿಸ್ತಿಲ್ಲ ಕಣೇ ಇವ್ನು," ಎಂದರು ಅಮ್ಮನಿಗೆ. ಲೋಟವನ್ನು ತಾವೇ ಎತ್ತಿ ತೊಳೆದಿಟ್ಟರು.

ನಂಬಿದ ಮೇಲೆ ಶುರುವಾಯಿತು ನೋಡಿ ಮೆರವಣಿಗೆ. ಯಾರು ಏನು ಹೇಳಿದರೂ ಅಲ್ಲಿಗೆ. ಕೆಂಗೇರಿಯಾಚೆ ಒಬ್ಬರು ಮೂಳೆ ಕೂರಿಸುತ್ತಾರೆ ಎಂದು ರವಿ ಬೈಕಿನಲ್ಲಿ ಕರೆದುಕೊಂಡು ಹೋದ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನಿಂದ ಮೊದಲು "ಲಟಕ್" ಎಂಬ ಸದ್ದು, ಆಮೇಲೆ ಗಂಡಸೊಬ್ಬನ ಕೂಗು ಕೇಳಿತು. ಅಷ್ಟು ಬೇಗ ನಾನು ಆ ತಿಂಗಳಲ್ಲೇ ಎದ್ದಿರಲಿಲ್ಲ. ರವಿ ಇವತ್ತಿಗೂ ಆ ವೈದ್ಯರ ಚಿಕಿತ್ಸೆ ಮುಟ್ಟದೇ ಗುಣ ಮಾಡಿತು ಎಂದು ಹೇಳಿಕೊಂಡು ತಿರುಗುತ್ತಾನೆ. ಅಲ್ಲಿಂದ ಎದ್ದು ಬಂದದ್ದು ಎಂಥ ಪುಣ್ಯ ಎಂದು ಆಮೇಲೆ ಗೊತ್ತಾಯಿತು. ಅಂಥ ಬೆನ್ನನ್ನು ಹಾಗೆ ಎಳೆದು ತಿರುಚಬಾರದಂತೆ.

ಆಮೇಲೆ ರಾಜಾಜಿನಗರದಲ್ಲಿ ಎಣ್ಣೆ ಮಸಾಜಿನ ಜಾಗ. ಮರದ ಹಲಗೆಯ ಮೇಲೆ ಲಂಗೋಟಿಯಲ್ಲಿ ನನ್ನನ್ನು ಬೋರಲು ಹಾಕಿ, ಎರಡು ಕಡೆ ಇಬ್ಬರು ನಿಂತು ಬಿಸಿ ಎಣ್ಣೆ ಸುರಿದು ಒಂದೇ ತಾಳದಲ್ಲಿ ತಿಕ್ಕಿದರು. ಮೊದಲ ಐದು ನಿಮಿಷ ನಾಚಿಕೆ, ಆಮೇಲೆ ನಿದ್ದೆ. ಎದ್ದಾಗ ನಾನು ಬಜ್ಜಿಯ ಹಾಗೆ ಹೊಳೆಯುತ್ತಿದ್ದೆ. ಬಸ್ಸಿನಲ್ಲಿ ಕಂಬಿ ಹಿಡಿದರೆ ಕೈ ಜಾರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ತನ್ನ ರೇಷ್ಮೆ ಸೀರೆಯನ್ನು ನನ್ನಿಂದ ಕಾಪಾಡಿಕೊಳ್ಳಲು ಇಡೀ ದಾರಿ ಒದ್ದಾಡಿದಳು. ಎರಡು ದಿನ ಸ್ವರ್ಗ. ಮೂರನೆಯ ಬೆಳಗ್ಗೆ ಮತ್ತೆ ಸಿಮೆಂಟು. ಆದರೂ ಆ ಇಬ್ಬರನ್ನು ನಾನು ಮರೆಯುವುದಿಲ್ಲ. ಅಷ್ಟು ದಿನ ನನ್ನ ಬೆನ್ನನ್ನು ಮುಟ್ಟಿದವರೆಲ್ಲ "ಇಲ್ಲಿ ನೋಯತ್ತಾ? ಇಲ್ಲಿ?" ಎಂದು ಒತ್ತಿ ಪರೀಕ್ಷೆ ಮಾಡಿದವರೇ. ಏನೂ ಕೇಳದೆ ಬರೀ ಸಮಾಧಾನ ಮಾಡಿದ ಕೈಗಳು ಅವು. ಗುಣವಾಗಲಿಲ್ಲ, ನಿಜ. ಆದರೆ ನನ್ನ ಮೈ ನನ್ನ ಶತ್ರುವಲ್ಲ ಎಂದು ಆ ಹಲಗೆಯ ಮೇಲೆ ನೆನಪಾಯಿತು.

ಕೊನೆಗೆ ದೊಡ್ಡಾಸ್ಪತ್ರೆ. ಕೀಲುಗಳ ಡಾಕ್ಟರು ಅಂತಲೇ ಬೇರೆ ಇರುತ್ತಾರೆ ಎಂಬುದು ನಮಗೆ ಆಗಲೇ ಗೊತ್ತಾಗಿದ್ದು. ಹೊರಗೆ ಕಾಯುವವರೆಲ್ಲ ನನಗಿಂತ ಎರಡು ಪಟ್ಟು ವಯಸ್ಸಿನವರು. ಪಕ್ಕದ ಕುರ್ಚಿಯ ಅಜ್ಜಿ, "ಯಾರ್ನ ಕರ್ಕೊಂಡ್ ಬಂದಿದೀಯಪ್ಪಾ?" ಎಂದು ಕೇಳಿದರು. "ನನ್ನನ್ನೇ ಅಜ್ಜಿ," ಎಂದೆ. ಅಜ್ಜಿ ತಮ್ಮ ಚೀಲದಿಂದ ಒಂದು ಕಿತ್ತಳೆ ತೆಗೆದು, ಸುಲಿದು, ಅರ್ಧ ನನ್ನ ಕೈಗಿಟ್ಟರು. ಮತ್ತೇನೂ ಕೇಳಲಿಲ್ಲ. ಅವರ ಗಂಟುಬೆರಳುಗಳಿಗೆ ಸಿಪ್ಪೆ ಸುಲಿಯಲು ಎಷ್ಟು ಕಷ್ಟವಾಯಿತು ಎಂದು ಕಂಡಿದ್ದರಿಂದ ಆ ಹಣ್ಣನ್ನು ಒಂದೊಂದೇ ತೊಳೆಯಾಗಿ ನಿಧಾನವಾಗಿ ತಿಂದೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ರಕ್ತದ ರಿಪೋರ್ಟು ನೋಡಿ, ಹೆಸರು ಹೇಳಿದರು. "ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್."

ಅಮ್ಮ ಮುಂದಕ್ಕೆ ಬಗ್ಗಿ, "ಅಂಕಲ್‌ಗಳಿಗೆ ಬರೋದು ಇವ್ನಿಗ್ಯಾಕ್ ಬಂತು ಸಾರ್? ಇನ್ನೂ ಮದ್ವೇನೇ ಆಗಿಲ್ಲ," ಎಂದರು.

ಡಾಕ್ಟರ ಭುಜ ನಗುವಿಗೆ ಕುಣಿಯಿತು. "ಅಂಕಲ್ ಅಲ್ಲಮ್ಮಾ, ಆಂಕಿಲೋ. ಇದು ಜಾಸ್ತಿ ಬರೋದೇ ಹುಡುಗರಿಗೆ," ಎಂದರು. ಅಮ್ಮನಿಗೆ ಎರಡನೆಯ ವಾಕ್ಯ ಕೇಳಿಸಲೇ ಇಲ್ಲ. ಅವತ್ತು ಸಂಜೆಯಿಂದ ಇವತ್ತಿನವರೆಗೆ ನಮ್ಮ ಬೀದಿಯಲ್ಲಿ ಅದರ ಹೆಸರು ಅಂಕಲ್ ಕಾಯಿಲೆ.

ನಕ್ಕಿದ್ದು ಅಷ್ಟೇ. ಆಮೇಲೆ ಡಾಕ್ಟರು ಮೆತ್ತಗೆ ಹೇಳಿದರು. ಪೂರ್ತಿ ಹೋಗುವ ಕಾಯಿಲೆ ಅಲ್ಲ. ಮಾತ್ರೆ ನೋವನ್ನೂ ಊತವನ್ನೂ ಇಳಿಸುತ್ತದೆ. ಬೆನ್ನುಮೂಳೆಗಳು ಒಂದಕ್ಕೊಂದು ಅಂಟಿಕೊಂಡು ಬಿದಿರು ಕೋಲಿನಂತೆ ಆಗದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ದಿನಾ ವ್ಯಾಯಾಮ. ದಿನಾ ಅಂದರೆ ದಿನಾ.

"ಮಾಡ್ದೇ ಇದ್ರೆ ಸಾರ್?" ಎಂದೆ.

"ಯಾವ ಭಂಗಿಯಲ್ಲಿ ಬಿಟ್ಟರೆ ಆ ಭಂಗಿಯಲ್ಲೇ ನಿಂತುಬಿಡಬಹುದು."

"ನಾನು ಮಿಮಿಕ್ರಿ ಮಾಡೋನು ಸಾರ್."

ಅವರು ಏನೋ ಹೇಳಲು ಬಾಯಿ ತೆರೆದು, "ಟ್ರೈ ಮಾಡೋಣ," ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ನಾನು ನಿಂತೇ ಇದ್ದೆ, ಕೂತರೆ ಏಳುವುದು ಕಷ್ಟ ಅಂತ. ಅಪ್ಪನೂ ಕೂರಲಿಲ್ಲ. ನನಗೆ ಸಾಯುವ ಭಯವಿರಲಿಲ್ಲ, ಅದಕ್ಕಿಂತ ಸಣ್ಣದೊಂದು, ಹೇಳಿಕೊಂಡರೆ ನಗೆಪಾಟಲಾಗುವಂಥ ಭಯ. ಇಡೀ ಬೀದಿಯ ನಡಿಗೆಯನ್ನು ಮೈಯಲ್ಲಿ ಇಟ್ಟುಕೊಂಡವನು ಇನ್ನು ಮುಂದೆ ಒಬ್ಬನೇ ಒಬ್ಬ ಮನುಷ್ಯನಾಗಿ ಉಳಿದುಬಿಡುತ್ತೇನೆ. ಅದೂ ಕೋಲು ನುಂಗಿದ ಮನುಷ್ಯ. ಇಳಿಯುವ ಸ್ಟಾಪು ಬಂದಾಗ ಅಪ್ಪ ಕಿಟಕಿಯ ಕಡೆ ನೋಡುತ್ತಾ, "ಈಚೆಗೆ ನನ್ನ ಮಾಡೋದೇ ಬಿಟ್ಟಿದೀಯಾ?" ಎಂದರು.

"ಕತ್ತು ವಾಲಲ್ಲಪ್ಪ. ಭುಜಾನೂ ಇಳಿಯಲ್ಲ. ನಿಮ್ಮನ್ ಮಾಡೋದು ಎಲ್ಲರಿಗಿಂತ ಕಷ್ಟ ಈಗ."

ಅವತ್ತಿನಿಂದ ಮನೆಯಲ್ಲಿ "ಬೆಂಡೆತ್ತುತ್ತೀನಿ" ಎಂಬ ಮಾತು ನಿಂತುಹೋಯಿತು. ನನಗೆ ಮಾತ್ರೆಯ ಕಹಿಗಿಂತ ಇದು ಕಹಿಯಾಯಿತು.

ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಶೈಲಜಾ ಮೇಡಂ ಇದ್ದರು. ಸಣ್ಣ ದೇಹ, ದೊಡ್ಡ ದನಿ. ಹೇಗೆ ಹೊರಳಬೇಕು, ಹೇಗೆ ಉಸಿರೆಳೆಯಬೇಕು, ಗೋಡೆಗೆ ಬೆನ್ನು ಕೊಟ್ಟು ಹೇಗೆ ನಿಲ್ಲಬೇಕು ಎಂದು ಎಲ್ಲ ಕಲಿಸಿದರು. ಒಂದು ವಾರ ಮಾಡಿದೆ. ಎರಡನೆಯ ವಾರ ಮಾಡಿದೆ ಎಂದು ಹೇಳಿದೆ. ಮೇಡಂ ನನ್ನನ್ನು ಗೋಡೆಗೆ ನಿಲ್ಲಿಸಿ, ತಲೆ ಮತ್ತು ಗೋಡೆಯ ನಡುವೆ ಕೈ ತೂರಿಸಿ ನೋಡಿದರು. ಕೈ ಸಲೀಸಾಗಿ ಹೋಯಿತು.

"ಸುಳ್ಳು ಹೇಳ್ತಿದೀಯಾ."

"ಬೇಜಾರಾಗತ್ತೆ ಮೇಡಂ. ಗೋಡೆ ನೋಡ್ಕೊಂಡು ಎಷ್ಟ್ ಅಂತ ಮಾಡೋದು? ಗೋಡೆ ನಗೋದೂ ಇಲ್ಲ, ಬಯ್ಯೋದೂ ಇಲ್ಲ."

ಅವರು ನಕ್ಕರು. "ನೀನು ಸ್ಟೇಜಿನವನು ಕಣೋ. ಒಂಟಿಯಾಗಿ ಮಾಡೋನಲ್ಲ. ಮನೆ ಹತ್ರ ಪಾರ್ಕಲ್ಲಿ ಯಾವ್ದಾದ್ರೂ ಗುಂಪಿದ್ರೆ ಸೇರ್ಕೋ. ಏನೇನ್ ಮಾಡಿಸ್ತಾರೆ ಬಂದು ನನಗೆ ತೋರಿಸು, ಯಾವ್ದು ಬೇಡ ಅಂತ ನಾನು ಹೇಳ್ತೀನಿ."

ಹೀಗೆ ನಾನು ಸಿದ್ದಲಿಂಗಪ್ಪನವರ ಬಸ್ಸು ಹತ್ತಿದ್ದು.

ಬಸ್ಸು ಅಂದರೆ ಅತ್ತಿಗುಪ್ಪೆಯ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಉಚಿತ ವ್ಯಾಯಾಮದ ಕ್ಲಾಸು. ಸಿದ್ದಲಿಂಗಪ್ಪನವರು ರಿಟೈರ್ಡ್ ಕಂಡಕ್ಟರು. ಎಲ್ಲೋ ಶಿಬಿರದಲ್ಲಿ ಯೋಗ ಕಲಿತು ಬಂದಿದ್ದರು, ಆದರೆ ಬಾಯಿ ಇನ್ನೂ ಫುಟ್‌ಬೋರ್ಡಿನ ಮೇಲೇ ಇತ್ತು. "ಉಸಿರು ತಗೊಳ್ಳಿ, ತಗೊಳ್ಳಿ, ಇನ್ನೂ ಒಳಗ್ ಹೋಗ್ಲಿ, ಒಳಗೆ ಜಾಗ ಇದೆ! ಹೋಲ್ಡಾನ್!" ಎಲ್ಲರೂ ಕೆನ್ನೆ ಉಬ್ಬಿಸಿ ನಿಲ್ಲುವುದು. "ರೈಟ್!" ಎಂದಾಗ ಬಿಡುವುದು. ಇದು ಗೊತ್ತಿಲ್ಲದ ನಾನು ಮೊದಲ ದಿನ "ರೈಟ್" ಎಂದಾಗ ಉಸಿರು ಹಿಡಿದುಕೊಂಡೇ ಬಲಕ್ಕೆ ತಿರುಗಿ ನಿಂತೆ. ಲಾರಿ ರಿವರ್ಸ್ ಮುಗಿದು ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ಕ್ಲಾಸು ಎರಡು ಆಸನ ದಾಟಿತ್ತು.

ಸೇರಿದವರೆಲ್ಲ ಅಂಕಲ್ಲು ಆಂಟಿಗಳು. ಬೆಳಗಿನ ಇಬ್ಬನಿಯಲ್ಲಿ ಮಂಕಿಕ್ಯಾಪುಗಳ ಸಾಲು. ಸ್ವೆಟರ್ ಹಾಕಿದ ಒಬ್ಬರು ನನ್ನನ್ನು ನೋಡಿ, "ಏನಪ್ಪಾ, ನಿಮ್ಮ ತಾತನಿಗೆ ಜಾಗ ಹಿಡಿಯೋಕೆ ಬಂದ್ಯಾ?" ಎಂದರು.

"ಇಲ್ಲ ಅಂಕಲ್, ನನಗೇ. ಅಂಕಲ್ ಕಾಯಿಲೆ."

"ಅಂದ್ರೆ?"

"ನಿಮಗ್ ಬರ್ಬೇಕಾಗಿದ್ದು, ಅಡ್ರೆಸ್ ತಪ್ಪಿ ನಮ್ಮನೆಗ್ ಬಂತು."

ಮಂಕಿಕ್ಯಾಪುಗಳೆಲ್ಲ ಒಟ್ಟಿಗೆ ನಕ್ಕವು. ನನ್ನ ಪಕ್ಕೆಲುಬು ಚುಚ್ಚಿತು, ಏಕೆಂದರೆ ನಾನೂ ನಕ್ಕಿದ್ದೆ.

ಸೇರಿದ್ದಾಯಿತು, ಆದರೆ ಮೈ ಮಾತು ಕೇಳಬೇಕಲ್ಲ. ಪಕ್ಕಕ್ಕೆ ಬಗ್ಗುವುದು ಇತ್ತು. ಎಲ್ಲರ ಕೈ ಮಂಡಿ ದಾಟಿ ಕೆಳಗೆ ಹೋಗುತ್ತಿದ್ದರೆ ನನ್ನದು ತೊಡೆಯ ಮಧ್ಯದಲ್ಲೇ ಬ್ರೇಕ್ ಹಾಕಿ ನಿಲ್ಲುತ್ತಿತ್ತು. ನೋಯುವ ಮೊದಲೇ ನೋಯುತ್ತದೆ ಎಂದು ಮೈ ಹಲ್ಲು ಕಚ್ಚಿಕೊಳ್ಳುತ್ತಿತ್ತು. ದಿನಗಳು ಕಳೆದರೂ ಅಲ್ಲೇ. ಬಿಟ್ಟುಬಿಡೋಣ ಎಂದು ಮನಸ್ಸು ಮಾಡಿದ್ದೆ.

ನನ್ನ ಮುಂದಿನ ಸಾಲಿನಲ್ಲಿ ಕಮಲಮ್ಮ ಎಂಬ ಆಂಟಿ ನಿಲ್ಲುತ್ತಿದ್ದರು. ಸೀರೆಯ ಮೇಲೆ ಗಂಡನ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ. ಅವರು ಪಕ್ಕಕ್ಕೆ ಬಗ್ಗುವ ಶೈಲಿಯೇ ಬೇರೆ. ಸೊಂಟದ ಮೇಲಿದ್ದ ಬಿಂದಿಗೆಯನ್ನು ಮೆಲ್ಲಗೆ ಕೆಳಗಿಳಿಸುವವರಂತೆ ಒಂದು ಸೊಂಟ ಹೊರಗೆ ಚಾಚಿ, "ಅಯ್ಯಯ್ಯಯ್ಯೋ ಶಿವನೇ" ಎಂದು ರಾಗವಾಗಿ ಉಸಿರುಬಿಡುತ್ತಾ, ಆ ರಾಗ ಮುಗಿಯುವ ತನಕ ಇಳಿಯುತ್ತಿದ್ದರು. ಇಂಥ ಐಟಂ ಕಣ್ಣ ಮುಂದೆ ಇಟ್ಟುಕೊಂಡು ಎಷ್ಟು ದಿನ ಸುಮ್ಮನಿರಲಿ? ಹೇಗೂ ನಾಳೆಯಿಂದ ಬರುವುದಿಲ್ಲ, ಇದೊಂದು ತೆಗೆದುಕೊಂಡು ಹೋಗೋಣ ಎಂದುಕೊಂಡೆ. ಸೊಂಟ ಹೊರಗೆ ಹಾಕಿದೆ. ಕಾಣದ ಬಿಂದಿಗೆ ಹಿಡಿದೆ. "ಅಯ್ಯಯ್ಯಯ್ಯೋ ಶಿವನೇ" ಎಂದು ಅವರದೇ ರಾಗದಲ್ಲಿ ಇಳಿದೆ. ಇಳಿಯುತ್ತಲೇ ಹೋದೆ.

"ಹೋಲ್ಡಾನ್!" ಸಿದ್ದಲಿಂಗಪ್ಪನವರ ದನಿ ಬೇರೆ ಥರ ಇತ್ತು. "ಯಾರೋ ಅದು ಲಾಸ್ಟ್ ಸೀಟು? ಕಮಲಮ್ಮನ್ನ ಅಣಕಿಸ್ತಾ ಇರೋದು?"

ಇಡೀ ಪಾರ್ಕು ತಿರುಗಿತು. ಕಮಲಮ್ಮನೂ ತಿರುಗಿದರು. ನಾನು ಸಿಕ್ಕಿಬಿದ್ದ ಭಂಗಿಯಲ್ಲೇ ನಿಂತಿದ್ದೆ. ಅವರು ನನ್ನನ್ನು ಮುಖದಿಂದ ಕಾಲಿನವರೆಗೆ ನೋಡಿ, ಸೊಂಟಕ್ಕೆ ಕೈಯಿಟ್ಟುಕೊಂಡರು.

"ಅಣಕಿಸಿದ್ರೆ ಅಣಕಿಸ್ಲಿ ಬಿಡ್ರೀ. ಅವನ ಕೈ ನೋಡಿ ಎಲ್ಲಿದೆ!"

ನಾನೂ ನೋಡಿದೆ. ಮಂಡಿಯ ಕೆಳಗಿತ್ತು.

ಯಾರದೋ ಕೈ ಎನ್ನಿಸಿತು. ನನ್ನ ಉಂಗುರ ಇದ್ದದ್ದರಿಂದ ನಂಬಿದೆ. "ರೈಟ್ ಹೇಳಿ ಸಾರ್, ಉಸಿರು ಕಟ್ತಿದೆ," ಎಂದೆ. ಅವರು ರೈಟ್ ಹೇಳುವುದನ್ನೇ ಮರೆತಿದ್ದರು.

ಅವತ್ತು ಮಧ್ಯಾಹ್ನ ಅಂಗಡಿಯಿಂದ ಪರ್ಮಿಷನ್ ಹಾಕಿ ಶೈಲಜಾ ಮೇಡಂ ಮುಂದೆ ಕಮಲಮ್ಮನಾಗಿ ಬಗ್ಗಿ ತೋರಿಸಿದೆ. ಮೇಡಂ ಬೇರೆ ರೋಗಿಗಳನ್ನು ಬಿಟ್ಟು ಬಂದು ನೋಡಿದರು. "ಈಗ ಮಂಜ ಆಗಿ ಬಗ್ಗು," ಎಂದರು. ತೊಡೆಗೇ ಬ್ರೇಕು. "ಈಗ ಆಂಟಿ." ಮಂಡಿ ದಾಟಿತು. ಅವರು ತಲೆಯಾಡಿಸಿದರು. "ನೀನು ನೀನಾಗಿ ಮಾಡುವಾಗ ಹೆದರಿಕೊಂಡು ಉಸಿರು ಹಿಡ್ಕೋತೀಯಾ, ಮೈ ಬಿಗಿ ಮಾಡ್ಕೋತೀಯಾ. ಆ ಆಂಟಿ ಉಸಿರು ಬಿಡ್ತಾ ಬಗ್ತಾರೆ, ಅದನ್ನೂ ಸೇರಿಸಿ ಕದ್ದಿದೀಯಾ. ಕದಿ. ಆದ್ರೆ ಯಾರಾದ್ರೂ ಜೋರಾಗಿ ಎಳೆದಾಡಿ ಮಾಡ್ತಿದ್ರೆ ಅವ್ರನ್ನ ಮಾತ್ರ ಮುಟ್ಬೇಡ."

ಚಿಕಿತ್ಸೆಯ ಹೆಸರಿನಲ್ಲಿ ಅಣಕಿಸಲು ಲೈಸೆನ್ಸ್ ಸಿಕ್ಕ ಮೊದಲ ಮನುಷ್ಯ ನಾನೇ ಇರಬೇಕು.

ಪಾರ್ಕಿನಲ್ಲಿ ಸುದ್ದಿ ಹಬ್ಬಿತು. ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ, ಕ್ಯೂ ನಿಂತರು. ಸ್ವೆಟರ್ ಅಂಕಲ್, "ನಾಳೆ ನನ್ನ ಮಾಡು, ಕೈ ಮೇಲೆತ್ತೋದು ನಂದು ಚೆನ್ನಾಗಿದೆ," ಎಂದರು. ಕಮಲಮ್ಮ, "ಪಕ್ಕಕ್ ಬಗ್ಗೋದು ನಂದೇ, ಅದನ್ನ ಬೇರೆಯವ್ರದ್ ಮಾಡ್ಕೂಡ್ದು," ಎಂದು ಹಕ್ಕು ಕಾಯ್ದಿರಿಸಿಕೊಂಡರು. ಉಸಿರಿಗೆ ಸಿದ್ದಲಿಂಗಪ್ಪನವರು. ಎದೆ ತುಂಬ ಗಾಳಿ ತುಂಬಿಕೊಂಡು "ಒಳಗೆ ಜಾಗ ಇದೇ!" ಎಂದು ಅವರ ದನಿಯಲ್ಲಿ ಕೂಗಿದರೆ ನನ್ನ ಪಕ್ಕೆಲುಬುಗಳು ನಿಜವಾಗಿಯೂ ಸರಿದು ಜಾಗ ಬಿಡುತ್ತಿದ್ದವು. ಒಂದು ತಮಾಷೆ ನಡೆಯಿತು. ನಾನು ಇವರನ್ನು ಅಣಕಿಸುತ್ತೇನೆಂದು ಗೊತ್ತಾದ ಮೇಲೆ ಇವರೆಲ್ಲ ಹಿಂದಿಗಿಂತ ಚೆನ್ನಾಗಿ ಮಾಡತೊಡಗಿದರು. ಫೋಟೋ ತೆಗೆಸಿಕೊಳ್ಳುವವರಂತೆ ಹೊಟ್ಟೆ ಒಳಗೆಳೆದು, ನಿಧಾನವಾಗಿ, ಅಂದವಾಗಿ. ನಾನು ಒಂದು ದಿನ ತಪ್ಪಿಸಿಕೊಂಡರೆ ಕಮಲಮ್ಮ ಮನೆಯ ಗೇಟಿಗೇ ಬಂದು, "ಎಲ್ರೀ ಆ ಜೆರಾಕ್ಸು? ಮಳೆ ನಿಂತಿದೆ, ಎಬ್ಸಿ," ಎಂದು ಅಮ್ಮನಿಗೆ ಕೂಗುತ್ತಿದ್ದರು. ಗೋಡೆ ಹೀಗೆ ಯಾರ ಮನೆಗೂ ಹುಡುಕಿಕೊಂಡು ಬರುವುದಿಲ್ಲ.

ಎಲ್ಲ ದಿನ ಹೀಗೇ ನಗುನಗುತ್ತಾ ಇತ್ತು ಎಂದರೆ ಸುಳ್ಳಾಗುತ್ತದೆ. ಚಳಿಗಾಲದಲ್ಲಿ ಒಂದು ಸಲ ಕಣ್ಣು ಕೆಂಪಾಗಿ ಬೆಳಕು ನೋಡಲಾಗದೆ ಆಸ್ಪತ್ರೆಗೆ ಓಡಿದೆ. ಅದೂ ಇದೇ ಕಾಯಿಲೆಯ ನೆಂಟನಂತೆ. ಮಾತ್ರೆ ಹೊಟ್ಟೆ ಉರಿಸುತ್ತಿತ್ತು. ಕೆಲವು ಬೆಳಗ್ಗೆ ಯಾರಾಗಿ ಮಾಡಿದರೂ ಬಗ್ಗುತ್ತಿರಲಿಲ್ಲ. ಅಂಥ ದಿನ ಕ್ಲಾಸಿನ ಅಂಚಿನ ಕಲ್ಲುಬೆಂಚಿನ ಪಕ್ಕ ನಿಂತು ಬರೀ ನೋಡುತ್ತಿದ್ದೆ. ಯಾರೂ ಕಾರಣ ಕೇಳುತ್ತಿರಲಿಲ್ಲ. ಮುಗಿದ ಮೇಲೆ ಸ್ವೆಟರ್ ಅಂಕಲ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಲೋಟವನ್ನು ನಾನು ಕೈ ಚಾಚಬೇಕಾಗದಷ್ಟು ಹತ್ತಿರ ತಂದು ಕೊಡುತ್ತಿದ್ದರು. ನೋವಿನವನಿಗೆ ಹೇಗೆ ಲೋಟ ಕೊಡಬೇಕೆಂದು ನೋವು ಕಂಡವರಿಗೆ ಗೊತ್ತಿರುತ್ತದೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬೆಳಗ್ಗೆ ಮೈಗೆ ಸಿಮೆಂಟು ಸುರಿದಂತಾಗಿ, ಮನೆಯವರು ಸೋಮಾರಿ ಎನ್ನುತ್ತಿದ್ದರೆ, ನೀವು ಸೋಮಾರಿಯೇ ಇರಬಹುದು, ನಾನು ಗ್ಯಾರಂಟಿ ಕೊಡಲಾರೆ. ಆದರೂ ಒಮ್ಮೆ ಕೀಲಿನ ಡಾಕ್ಟರಿಗೆ ತೋರಿಸಿ. ಆಮೇಲೆ ಹತ್ತಿರದ ಪಾರ್ಕಿಗೆ ಹೋಗಿ. ನನ್ನ ವಯಸ್ಸಿನವರು ಯಾರೂ ಇಲ್ಲ ಎಂದು ಗೇಟಿನಿಂದ ವಾಪಸು ಬರಬೇಡಿ. ನಾನೂ ಮೊದಲ ದಿನ ಗೇಟಿನಲ್ಲಿ ಬಹಳ ಹೊತ್ತು ನಿಂತಿದ್ದೆ.

ಇನ್ನು ಅಪ್ಪನ ವಿಷಯ. ಪಾರ್ಕಿನವರೆಲ್ಲ ಒಬ್ಬೊಬ್ಬರಾಗಿ ನನ್ನ ಮೈಗೆ ಬಂದರು, ಅಪ್ಪ ಮಾತ್ರ ಬರಲಿಲ್ಲ. ಕನ್ನಡಿ ಮುಂದೆ ಎಷ್ಟೋ ಸಲ ಪ್ರಯತ್ನಿಸಿದೆ. ಕತ್ತು ಬಲಕ್ಕೆ ವಾಲಬೇಕು, ಭುಜ ಇಳಿಯಬೇಕು, ಬೆನ್ನು ಸ್ವಲ್ಪ ತಿರುಗಿ ಬಗ್ಗಬೇಕು. ಕಾಯಿಲೆ ಹಿಡಿದಿದ್ದ ಜಾಗಗಳನ್ನೆಲ್ಲ ಸೇರಿಸಿದರೆ ಅದೇ ಅಪ್ಪ. ಅವರಾಗಿ ನಿಲ್ಲಲು ಸಾಧ್ಯವಾದ ದಿನವೇ ನಾವು ಟ್ರೈ ಮಾಡಿದ್ದು ಫಲಿಸಿತು ಎಂದು ಒಪ್ಪಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಡಾಕ್ಟರಿಗೆ ಹೇಳಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಮುಂದಿನ ಗಣೇಶನ ಹಬ್ಬ ಹೋಯಿತು, ಯುಗಾದಿ ಬಂತು. ಹಬ್ಬದ ಬೆಳಗ್ಗೆ ಪಾರ್ಕಿನಿಂದ ಮೈ ಬಿಸಿ ಮಾಡಿಕೊಂಡು ಬಂದೆ. ಅಪ್ಪನಿಗೆ ರಜ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಂದು ಕಡೆ ಜಗ್ಗಿತ್ತು. ಅಪ್ಪ ಅದರ ಕೆಳಗೆ ನಿಂತು, ಕತ್ತು ವಾಲಿಸಿ, ಒಂದು ಕಣ್ಣು ಸಣ್ಣ ಮಾಡಿ, ಲೆವೆಲ್ ನೋಡುತ್ತಿದ್ದರು. ಅಮ್ಮ ಬೇವು ಬೆಲ್ಲದ ಬಟ್ಟಲು ಹಿಡಿದು ಒಳಗಿನಿಂದ ಬಂದರು. ಅಪ್ಪನ ಬೆನ್ನು, ಆ ಬಾಗಿಲು, ಅಮ್ಮನ ಮುಖ ಮೂರೂ ಒಂದೇ ಸಾಲಿನಲ್ಲಿ ಸಿಕ್ಕಿದವು. ಯೋಚಿಸಲಿಲ್ಲ. ಹಿಂದೆ ಹೋಗಿ ನಿಂತೆ. ಅಪ್ಪ ಲೇತಿನ ಮುಂದೆ ಮೂಗಿನಿಂದ ಬಿಡುವ ಆ ಉದ್ದನೆಯ ಉಸಿರು ಬಿಟ್ಟೆ. ಭುಜ ಇಳಿಯಿತು. ಕತ್ತು ಮೊದಲು ತಡೆಯಿತು, ಆಮೇಲೆ ಹಳೆಯ ನಲ್ಲಿಯ ಹಾಗೆ ಸ್ವಲ್ಪ ಕಿರುಗುಟ್ಟಿ, ವಾಲಿತು.

ಅಮ್ಮನ ಸೆರಗು ಬಾಯಿಗೆ ಹೋಯಿತು. ಕಣ್ಣು ಮಾತ್ರ ನಗುತ್ತಿರಲಿಲ್ಲ, ತುಂಬಿಕೊಂಡಿತ್ತು.

ಅಪ್ಪನಿಗೆ ಗೊತ್ತಾಯಿತು. ತಿರುಗಿದರು. ನಾನು ಬಿಡದೆ ಹಾಗೇ ನಿಂತಿದ್ದೆ, ಒಂದು ಕಣ್ಣು ಸಣ್ಣ ಮಾಡಿಕೊಂಡು. ಇಬ್ಬರೂ ಒಬ್ಬರನ್ನೊಬ್ಬರು ಒಂದೇ ಓರೆಯಲ್ಲಿ ನೋಡಿಕೊಂಡೆವು. ಬಯ್ಯುತ್ತಾರೆ ಅಥವಾ ತಬ್ಬಿಕೊಳ್ಳುತ್ತಾರೆ, ಎರಡಕ್ಕೂ ತಯಾರಿದ್ದೆ. ಅಪ್ಪ ಪಕ್ಕಕ್ಕೆ ಬಂದರು. ನನ್ನ ಬೆನ್ನನ್ನು ಮೇಲಿಂದ ಕೆಳಗೆ ನೋಡಿದರು. ಗ್ರೀಸು ಎಂದೂ ಪೂರ್ತಿ ಹೋಗದ ಆ ಬೆರಳುಗಳನ್ನು ನನ್ನ ಬಲಭುಜದ ಮೇಲಿಟ್ಟು, ತುಂಬ ಮೆಲ್ಲಗೆ ಒತ್ತಿದರು.

"ಇನ್ನೊಂಚೂರು ಕೆಳಗ್ ಬರ್ಬೇಕು ಭುಜ," ಎಂದರು. "ನಾನು ಇಷ್ಟೊಂದ್ ನೆಟ್ಟಗೆ ನಿಲ್ಲಲ್ಲ."

"ನಾಳೆ ಇಳಿಸ್ತೀನಪ್ಪ."

"ಇಳಿಸ್ದೇ ಇದ್ರೆ..." ಎಂದು ಶುರು ಮಾಡಿದವರು ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ಕಾದೆ. ಅಮ್ಮನೂ ಕಾದರು.

"ಬೆಂಡೆತ್ತಿಬಿಡ್ತೀನಿ ನೋಡು," ಎಂದು ಹೇಳಿ, ತೋರಣದ ಕಡೆ ತಿರುಗಿ, ಮೂಗೊರೆಸಿಕೊಂಡರು.